ಒಲೆಯ ಬಿಸಿ ಯಾರದು

ಅಜ್ಜ ತನ್ನ ತಮ್ಮನಿಗೆ ಮಾತು ಕೊಟ್ಟ ಸಂಗತಿ ಮನೆಯವರಿಗೆ ಗೊತ್ತಾದದ್ದು ಊಟದ ಹೊತ್ತಿನಲ್ಲಿ, ಆಲೂಗಡ್ಡೆ ಸರಿಯಾಗಿ ಬೆಂದಿಲ್ಲ ಎಂಬ ದೂರಿನ ಬೆನ್ನಿಗೆ.

"ಇನ್ನೊಂದು ಕುದಿ ಬರಬೇಕಿತ್ತು," ಎಂದು ಅಜ್ಜ ತಟ್ಟೆಯಲ್ಲಿದ್ದ ಆಲೂಗಡ್ಡೆಯನ್ನು ಚಮಚದಿಂದ ಒತ್ತಿ ನೋಡಿದ. ಆಮೇಲೆ ಅದೇ ದನಿಯಲ್ಲಿ, "ತಮ್ಮ ಬರ್ತಿದಾನೆ. ಚಳಿ ಶುರುವಾದ ಮೇಲೆ. ಇನ್ನು ಇಲ್ಲೇ ಇರ್ತಾನೆ. ಹಿಂದಿನ ರೂಮು ನಿನಗೇ ಅಂತ ಹೇಳಿಬಿಟ್ಟಿದೀನಿ," ಎಂದ.

ಸೊಸೆ ಬಡಿಸುತ್ತಿದ್ದ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು. ಮಗ ತಟ್ಟೆ ನೋಡಿದ. ಅವನು ಬಸ್ ಡ್ರೈವರು. ಮುಂದೆ ಗುಂಡಿ ಕಂಡರೆ ಮೊದಲು ವೇಗ ಇಳಿಸುವುದು ಅವನ ಅಭ್ಯಾಸ.

"ಹಿಂದಿನ ರೂಮಲ್ಲಿ ನಾನಿದೀನಲ್ಲ," ಎಂದಳು ಅಜ್ಜಿ.

"ನೀನೆಲ್ಲಿದೀಯ? ನೀನು ಮಲಗೋದು ಮುಂದಿನ ರೂಮಲ್ಲಿ. ಅಲ್ಲಿರೋದು ನಿನ್ನ ಮಿಷನ್ನು."

"ಬೆಳಗಿಂದ ಸಂಜೆ ತನಕ ಎಲ್ಲಿರ್ತೀನಿ ಹಾಗಾದ್ರೆ?"

"ಸಾಕು ಇನ್ನು. ಹೊಲಿದಿದ್ದು ಸಾಕು. ಕಣ್ಣು ಕಾಣಲ್ಲ, ಸೊಂಟ ನಿಲ್ಲಲ್ಲ. ಮಿಷನ್ನ ಶೆಡ್ಡಲ್ಲಿ ಇಡಿಸ್ತೀನಿ. ಒಲೆ ಹತ್ರ ಆರಾಮಾಗಿ ಕೂತ್ಕೋ."

ಅಜ್ಜಿ ಆ ಕೋಣೆಯಲ್ಲಿ ಶಾಲೆಯ ಮಕ್ಕಳ ಕೋಟು ಹೊಲಿಯಲು ಶುರುಮಾಡಿದಾಗ ಮಗ ಇನ್ನೂ ತೊಟ್ಟಿಲಲ್ಲಿದ್ದ. ಈಗ ಅವನ ಮಗಳೇ ದುಡಿಯುತ್ತಿದ್ದಾಳೆ. ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಕಿಟಕಿಯ ಪಕ್ಕದ ಮಿಷನ್ನು, ಗೋಡೆಯ ಉದ್ದಕ್ಕೂ ತೂಗುಹಾಕಿದ ಅರೆಹೊಲಿದ ತೋಳುಗಳು, ಗಿರಾಕಿಗಳು ಹಿತ್ತಲ ಕಡೆಯಿಂದ ಬರಲು ಬೇರೆಯೇ ಬಾಗಿಲು. ಚಳಿಗಾಲಕ್ಕೆ ಮುಂಚಿನ ಈ ವಾರಗಳಲ್ಲೇ ಅವಳಿಗೆ ಉಸಿರಾಡಲು ಬಿಡುವಿಲ್ಲದಷ್ಟು ಕೆಲಸ.

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?" ಎಂದಳು.

"ಒಡಹುಟ್ಟಿದವನಿಗೆ ಜಾಗ ಕೊಡೋಕೆ ಕೇಳೋದೇನು? ಮಾತು ಕೊಟ್ಟಾಗಿದೆ."

"ಮಾತು ಕೊಟ್ಟೋರು ನೀವು. ಜಾಗ ಕೊಡೋಳು ನಾನಾ?"

ಅಂದೇ ಸಂಜೆ ಅಜ್ಜಿ ತನ್ನ ಹಾಸಿಗೆ ಸುತ್ತಿ ಹಿಂದಿನ ಕೋಣೆಗೆ ಒಯ್ದು ಕತ್ತರಿ ಮೇಜಿನ ಪಕ್ಕ ಹಾಸಿದಳು. ಹಾಸಿಗೆಯ ಇನ್ನೊಂದು ತುದಿ ಹಿಡಿದು ನೆರವಾದವಳು ಸೊಸೆ. ಅಜ್ಜ ಒಲೆಯ ಮುಂದೆ ಕುರ್ಚಿಯಲ್ಲಿ ಕೂತು ನೋಡುತ್ತಿದ್ದ.

"ಚಳಿ ಬರಲಿ," ಎಂದ ಮಗನಿಗೆ. "ತಾನಾಗೇ ಬರ್ತಾಳೆ."

ಚಳಿ ಬಂತು. ಮನೆಯನ್ನು ಬೆಚ್ಚಗಿಡಲು ಇದ್ದದ್ದು ಒಂದೇ ಒಲೆ, ಮುಂದಿನ ಕೋಣೆಯ ಕಬ್ಬಿಣದ ಸೌದೆ ಒಲೆ. ಅದರ ಹೊಗೆ ಕೊಳವೆ ಮಹಡಿಯನ್ನು ಹಾದು ಹೋಗುತ್ತಿದ್ದುದರಿಂದ ಮೇಲೆ ಮಲಗುವವರಿಗೆ ಅಷ್ಟಿಷ್ಟು ಬಿಸಿ ತಾಗುತ್ತಿತ್ತು. ಹಿಂದಿನ ಕೋಣೆಗೆ ಬಿಸಿ ಹೋಗಬೇಕೆಂದರೆ ನಡುವಿನ ಬಾಗಿಲು ತೆರೆದಿರಬೇಕು. ಪ್ರತಿ ವರ್ಷ ಅದು ತೆರೆದೇ ಇರುತ್ತಿತ್ತು. ಈ ವರ್ಷ ಅಜ್ಜ ಅದನ್ನು ಎಳೆದು ಬಿಗಿಯಾಗಿ ಮುಚ್ಚಿದ.

ಅಜ್ಜ ಬಡಗಿ. ಮನೆ ಕಟ್ಟುವಾಗ ಆ ಬಾಗಿಲನ್ನು ತಾನೇ ಮಾಡಿದ್ದ. ಮುಚ್ಚಿದರೆ ಒಂದು ಕೂದಲೆಳೆಯೂ ತೂರುವುದಿಲ್ಲ ಎಂದು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದ, ಒಮ್ಮೊಮ್ಮೆ ಕೂದಲು ಕಿತ್ತು ತೋರಿಸುತ್ತಲೂ ಇದ್ದ.

ಅಜ್ಜಿ ಎರಡು ಸ್ವೆಟರು ಹಾಕಿ, ಮೇಲೆ ಶಾಲು ಹೊದ್ದು, ಹಳೆಯ ಕಾಲುಚೀಲಗಳ ತುದಿ ಕತ್ತರಿಸಿ ಕೈಗೆ ಏರಿಸಿಕೊಂಡು ಹೊಲಿದಳು. ಬೆರಳು ಸೆಟೆದುಕೊಂಡು ಸೂಜಿಗೆ ದಾರ ಪೋಣಿಸಲಾಗದೆ ಹೋದರೆ ಬಿಸಿನೀರಿನ ಲೋಟ ಹಿಡಿದು ಕೂರುವಳು. ಬೆರಳು ಮೆತ್ತಗಾದ ಮೇಲೆ ಮತ್ತೆ ಮಿಷನ್ನು ತುಳಿಯುವಳು. ಗಿರಾಕಿಯೊಬ್ಬಳು ಕೋಟು ತಂದು ವಾಪಸು ಕೊಟ್ಟಳು. ಒಂದು ತೋಳು ಇನ್ನೊಂದಕ್ಕಿಂತ ಗಿಡ್ಡವಾಗಿತ್ತು. ಅಂಥದ್ದು ಹಿಂದೆಂದೂ ಆಗಿರಲಿಲ್ಲ.

ಆ ಕೋಟನ್ನು ಅಜ್ಜಿ ಬಿಚ್ಚುತ್ತಿರುವಾಗ ಮೊಮ್ಮಗಳು ಕೆಲಸದಿಂದ ಬಂದಳು. ಪೇಟೆಯ ರಿಪೇರಿ ಅಂಗಡಿಯಲ್ಲಿ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಹಳೆಯ ಕಂಪ್ಯೂಟರು ಬಿಚ್ಚಿ ಕೂಡಿಸುವುದು ಅವಳ ಕೆಲಸ. ಮನೆಯಲ್ಲಿ ಎಲ್ಲರೂ ಅವಳನ್ನು ಗುಬ್ಬಿ ಎನ್ನುತ್ತಿದ್ದರು.

"ಅಜ್ಜಿ, ನಿನ್ನ ತುಟಿ ನೀಲಿ ಆಗಿದೆ."

"ಚಾಕ್ ಪುಡಿ ಇರಬೇಕು."

"ಚಾಕ್ ಬಿಳಿ ಅಲ್ವಾ?"

ಅಜ್ಜಿ ತೋಳಿನ ಇನ್ನೊಂದು ಹೊಲಿಗೆ ಬಿಚ್ಚಿದಳು. ಮರುದಿನ ಗುಬ್ಬಿ ಅಂಗಡಿಯಿಂದ ಕರೆಂಟಿನ ಹೀಟರು ತಂದು ಹಚ್ಚಿದಳು. ಮನೆಯ ವೈರು ಹಳೆಯದು. ಹೀಟರು ಕೆಂಪಾಗುವ ಮೊದಲೇ ಫ್ಯೂಸು ಹಾರಿ ಮನೆಯೆಲ್ಲ ಕತ್ತಲಾಯಿತು. ಮುಂದಿನ ಕೋಣೆಯಿಂದ ಅಜ್ಜನ ನಗು ಕೇಳಿಸಿತು.

"ಆಯ್ತಾ ದೀಪಾವಳಿ ಆರತಿ ಎಲ್ಲ?" ಎಂದ. "ಬಾಗಿಲು ತೆಗೆದು ಈ ಕಡೆ ಬನ್ನಿ. ಯಾರು ಬೇಡ ಅಂದ್ರು?"

ಗುಬ್ಬಿ ಫ್ಯೂಸು ಕಟ್ಟಿ ಮುಂದಿನ ಕೋಣೆಯಲ್ಲಿ ಸುಮ್ಮನೆ ನಿಂತಳು. ಆಮೇಲೆ ಸ್ಟೂಲು ಹತ್ತಿ ಸೂರಿನ ಹತ್ತಿರ ಕೈ ಚಾಚಿದಳು. ಕುರ್ಚಿಯ ಮಟ್ಟದಲ್ಲಿ ಹಿತವಾಗಿದ್ದ ಬಿಸಿ ಅಲ್ಲಿ ಬೇಯುವಷ್ಟಿತ್ತು. ಒಲೆಯ ಬಿಸಿಯೆಲ್ಲ ಮೇಲೇರಿ, ಯಾರಿಗೂ ಉಪಯೋಗವಿಲ್ಲದೆ ಅಲ್ಲೇ ಕೂತಿತ್ತು.

ಅವಳು ಅಡುಗೆಮನೆಗೆ ಹೋಗಿ ಅಮ್ಮನಿಗೆ ಹೇಳಿದಳು. "ಹಳೇ ಕಂಪ್ಯೂಟರ್ ಒಳಗೆ ಅಂಗೈಯಷ್ಟಗಲ ಫ್ಯಾನ್ ಇರುತ್ತಲ್ಲ, ಅಂಥವು ಎರಡು ಸಾಕು. ಬಾಗಿಲ ಮೇಲಿನ ಹಲಗೆಗೆ ತೂತು ಕೊರೆದು ಕೂರಿಸಿದ್ರೆ ಆ ಬಿಸಿಗಾಳಿನ ಹಿಂದಿನ ರೂಮಿಗೆ ತಳ್ಳುತ್ವೆ. ಒಂದು ಬಲ್ಬಿನಷ್ಟೂ ಕರೆಂಟ್ ತಿನ್ನಲ್ಲ."

"ನಿಮ್ಮಜ್ಜನ ಹಲಗೆಗೆ ತೂತಾ?" ಎಂದು ಸೊಸೆ ಪಾತ್ರೆ ಉಜ್ಜುವುದನ್ನು ನಿಲ್ಲಿಸಿದಳು. ಸ್ವಲ್ಪ ಯೋಚಿಸಿ ಹೇಳಿದಳು, "ನಾಳೆ ಅವರು ಕ್ಷೌರಕ್ಕೆ ಹೋಗ್ತಾರೆ."

ಆದರೆ ಅಜ್ಜಿಯೇ ಒಪ್ಪಲಿಲ್ಲ.

"ಅವರ ಬಿಸಿ ನನಗೆ ಬೇಡ. ಭಿಕ್ಷೆ ಬೇಡಿ ಬೆಚ್ಚಗಿರೋ ಗತಿ ಬಂದಿಲ್ಲ."

"ಅತ್ತೆ, ಅದು ಅವರ ಬಿಸಿ ಹೇಗಾಗುತ್ತೆ?" ಎಂದಳು ಸೊಸೆ. ಶಾಲೆಯ ಅಡುಗೆಮನೆಯಲ್ಲಿ ನೂರಾರು ಮಕ್ಕಳಿಗೆ ಬೇಯಿಸಿ ಬಂದು ಮನೆಯಲ್ಲೂ ಬೇಯಿಸುವ ಹೆಂಗಸು. ಮಾತು ಸುತ್ತಿ ಬಳಸಿ ಆಡುವ ತಾಳ್ಮೆ ಅವಳಿಗಿರಲಿಲ್ಲ. "ಬೆಳಗ್ಗೆ ಎದ್ದು ಬೂದಿ ಬಳಿಯೋಳು ನಾನು. ಹಚ್ಚೋಳು ನಾನು. ಸೌದೆ ಸೀಳೋನು ನಿಮ್ಮ ಮಗ. ಮಾವ ಮಾಡೋದು ಮುಂದೆ ಕೂತು ಕೈ ಚಾಚೋದು. ಅಷ್ಟಕ್ಕೇ ಒಲೆ ಅವರದಾಗಿಬಿಡುತ್ತಾ?"

ಅಜ್ಜಿ ದಾರವನ್ನು ಹಲ್ಲಿನಿಂದ ಕಡಿದಳು.

"ಹಾಗಾದ್ರೆ ನಿನ್ನ ಬಿಸಿ ಒಂದಿಷ್ಟು ಈ ಕಡೆ ಕಳಿಸು," ಎಂದಳು.

ಅಜ್ಜ ಕ್ಷೌರ ಮಾಡಿಸಿಕೊಂಡು ಬಂದಾಗ ಬಾಗಿಲ ಮೇಲೆ ಎರಡು ದುಂಡನೆಯ ತೂತುಗಳಲ್ಲಿ ಎರಡು ಕರಿಯ ಫ್ಯಾನುಗಳು ಸಣ್ಣಗೆ ಗುಂಯ್ ಎನ್ನುತ್ತಿದ್ದವು. ಅವನು ಟೋಪಿ ತೆಗೆಯದೆ ನಿಂತ.

"ಯಾರು ಕೊರೆದದ್ದು?"

"ನಾನು," ಎಂದಳು ಗುಬ್ಬಿ.

"ಇದು ಯಾವ ಮರ ಗೊತ್ತಾ ನಿನಗೆ? ಈ ಚೌಕಟ್ಟಿಗೆ ಒಂದು ಮೊಳೆ ಹೊಡೆದಿಲ್ಲ ನಾನು. ಬರೀ ಮರಕ್ಕೆ ಮರದ ಕೂಡು. ಇದಕ್ಕೆ ಇಲಿ ಕೊರೆದ ಹಾಗೆ ಕೊರೆದಿದೀಯಲ್ಲ."

"ಅಜ್ಜಿ ಕೈ ನೋಡಿದೀರಾ ಅಜ್ಜ? ಬೆರಳೆಲ್ಲ ಬಿರಿದಿದೆ."

"ನಾನು ಮರದ ಮಾತಾಡ್ತಿದೀನಿ."

"ಅದೇ ಬಂದಿದ್ದು ಕಷ್ಟ," ಎಂದಳು ಅಡುಗೆಮನೆಯಿಂದ ಸೊಸೆ. "ಮೂಗಿಗಿಂತ ಮೂಗುತಿ ಭಾರ."

ಅಜ್ಜ ಸ್ವಿಚ್ಚು ಆರಿಸಿದ. ಗುಬ್ಬಿ ಹಾಕಿದಳು. ಅವಳು ಕೆಲಸಕ್ಕೆ ಹೋದಾಗ ಅಜ್ಜ ಮತ್ತೆ ಆರಿಸಿದ. ಚಹಾ ತಂದುಕೊಟ್ಟ ಸೊಸೆ ಹೋಗುವಾಗ ಮತ್ತೆ ಹಾಕಿಹೋದಳು. ಆ ವಾರವೆಲ್ಲ ಮನೆಯಲ್ಲಿ ಸ್ವಿಚ್ಚಿನ ಟಕ್ ಟಕ್. ಮಗ ಮಾತ್ರ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂಬಂತೆ ಆ ಗೋಡೆಯ ಕಡೆ ತಿರುಗದೆ ಓಡಾಡಿದ.

"ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ," ಎಂದ ಹೆಂಡತಿಗೆ.

"ಇವರು ಎಷ್ಟು ಸಲ ಉಂಡು ಎಷ್ಟು ಸಲ ಮಲಗಿದ್ರು ಲೆಕ್ಕ ಇದೆಯಾ?" ಎಂದಳು ಅವಳು.

ಇಷ್ಟೆಲ್ಲ ಆದರೂ ಹಿಂದಿನ ಕೋಣೆ ಬಿಸಿಯಾಗಲಿಲ್ಲ. ಫ್ಯಾನು ತಿರುಗುತ್ತಿತ್ತು, ಗಾಳಿ ಬರುತ್ತಲೇ ಇರಲಿಲ್ಲ. ಗುಬ್ಬಿ ಕಾಗದದ ಚೂರು ಹಿಡಿದು ನೋಡಿದಳು. ಅದು ಅಲುಗಿದರೆ ಅಲುಗಿತು ಎನ್ನುವಂತಿತ್ತು. ಫ್ಯಾನು ಬಿಚ್ಚಿ ಎಣ್ಣೆ ಬಿಟ್ಟಳು, ತಿರುಗಿಸಿ ಕೂರಿಸಿದಳು, ಏನೂ ಆಗಲಿಲ್ಲ.

ಇದು ತಿಳಿದಾಗಿನಿಂದ ಅಜ್ಜ ಸ್ವಿಚ್ಚು ಆರಿಸುವುದನ್ನೇ ಬಿಟ್ಟ. ಮಧ್ಯಾಹ್ನ ಇಸ್ಪೀಟಾಡಲು ಬಂದ ಗೆಳೆಯರಿಗೆ ಆ ತೂತುಗಳನ್ನು ತೋರಿಸಿ ಹೇಳಿದ: "ನೋಡಿ, ನನ್ನ ಮೊಮ್ಮಗಳ ಇಂಜಿನಿಯರಿಂಗು. ಖಾಲಿ ಸೀಸೆಗೆ ಬಾಯಿಟ್ಟು ಊದಿದ್ರೆ ಗಾಳಿ ಒಳಗೆ ಹೋಗುತ್ತಾ? ಒಳಗಿರೋದು ಹೊರಗೆ ಬರಬೇಕಲ್ಲ ಮೊದಲು. ನನ್ನ ಬಾಗಿಲು ಸೀಸೆ ಬಿರಡೆ ಇದ್ದ ಹಾಗೆ. ಅದರ ಕೆಳಗೆ ಇರುವೆ ಸಹ ಹೋಗಲ್ಲ."

ಅಂದು ಅಂಗಡಿಗೆ ರಜೆ. ಗುಬ್ಬಿ ಮೆಟ್ಟಿಲ ಮೇಲೆ ಕೂತು ಶೂ ಲೇಸು ಕಟ್ಟುತ್ತಿದ್ದವಳು ಆ ಮಾತು ಕೇಳಿ ಅರ್ಧಕ್ಕೇ ನಿಲ್ಲಿಸಿದಳು.

ಮುಂದಿನ ಸಲ ಅಜ್ಜ ಹೊರಗೆ ಹೋದಾಗ ಅವಳೂ ಅವಳ ಅಪ್ಪನೂ ಸೇರಿ ಬಾಗಿಲನ್ನು ಕೀಲಿನಿಂದ ಎತ್ತಿ ಮಲಗಿಸಿದರು. ಅಪ್ಪ ಬರುವುದಿಲ್ಲವೆಂದೇ ಅವಳು ಎಣಿಸಿದ್ದಳು. ಅವನು ಬಂದು ಬಾಗಿಲ ಇನ್ನೊಂದು ಬದಿ ಹಿಡಿದ. ಅವಳು ಅಜ್ಜನದೇ ಉಜ್ಜುಗೊರಡಿನಿಂದ ಬಾಗಿಲ ಬುಡವನ್ನು ಎರಡು ಬೆರಳಷ್ಟು ಹೆರೆದಳು. ಬಾಗಿಲು ಮತ್ತೆ ಏರಿದ ಮೇಲೆ ಫ್ಯಾನಿನ ಮುಂದೆ ಹಿಡಿದ ಕಾಗದ ನೆಟ್ಟಗೆ ನಿಂತಿತು. ಕತ್ತಲಾಗುವ ಹೊತ್ತಿಗೆ ಅಜ್ಜಿ ಒಂದು ಸ್ವೆಟರು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದಳು. ಕೈಯ ಕಾಲುಚೀಲವನ್ನೂ ಕಿತ್ತಿಟ್ಟಳು. ಆ ಗಿಡ್ಡ ತೋಳಿನ ಕೋಟು ಸಿದ್ಧವಾದದ್ದು ಆಗಲೇ.

"ಹೇಳಿಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಅಜ್ಜ," ಎಂದಳು ಗುಬ್ಬಿ ಊಟದ ಹೊತ್ತಿನಲ್ಲಿ.

"ಏನು ಹೇಳಿಕೊಟ್ಟೆ?"

"ಸೀಸೆ ವಿಷಯ."

ಅಜ್ಜನಿಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಒಲೆಯ ಮುಂದೆ ಹೋಗಿ ಕೂತವನಿಗೆ ಪಾದಗಳ ಬಳಿ ತಣ್ಣಗೆ ಏನೋ ಸುಳಿಯಿತು. ಹಿಂದಿನ ಕೋಣೆಯ ಚಳಿಯೆಲ್ಲ ಬಾಗಿಲ ಕೆಳಗಿಂದ ನೆಲ ಹಿಡಿದು ಬಂದು ಅವನ ಕಾಲನ್ನೇ ಹುಡುಕುತ್ತಿತ್ತು. ಅವನು ಬಗ್ಗಿ ಬಾಗಿಲ ಬುಡ ನೋಡಿದ, ಹೊಸದಾಗಿ ಹೆರೆದ ಮರದ ಅಂಚನ್ನು ಬೆರಳಿನಿಂದ ಮುಟ್ಟಿದ.

"ಅವಳ ಚಳಿ ನನಗೆ, ನನ್ನ ಬಿಸಿ ಅವಳಿಗೆ. ಚೆನ್ನಾಗಿದೆ ವ್ಯಾಪಾರ," ಎಂದ.

ಬೆಳಗ್ಗೆ ಅಜ್ಜ ಶೆಡ್ಡಿನಿಂದ ದಪ್ಪ ಹಲಗೆ ತಂದು ಫ್ಯಾನುಗಳ ಮೇಲೆ ಅಡ್ಡ ಇಟ್ಟು ಮೊಳೆ ಜಡಿದ. ಒಂದೂ ಮೊಳೆ ಕಾಣದ ಚೌಕಟ್ಟಿಗೆ ನಾಲ್ಕು ಮೂಲೆಗೆ ನಾಲ್ಕು. ಬಾಗಿಲ ಬುಡಕ್ಕೆ ಹಳೆಯ ಕಂಬಳಿ ತುರುಕಿದ. ಹಿಂದಿನ ಕೋಣೆಯಲ್ಲಿ ಮಿಷನ್ನಿನ ಸದ್ದು ಸುತ್ತಿಗೆಯ ಸದ್ದಿಗೆ ಒಮ್ಮೆಯೂ ನಿಲ್ಲಲಿಲ್ಲ.

ಮರುದಿನ ಅಜ್ಜ ಎದ್ದಾಗ ಒಲೆ ತಣ್ಣಗಿತ್ತು. ನೆನ್ನೆಯ ಬೂದಿ ಹಾಗೆಯೇ ಇತ್ತು.

"ಒಲೆ ಯಾಕೆ ಹಚ್ಚಿಲ್ಲ?"

"ಹಲಗೆ ತೆಗೀರಿ ಮಾವ, ಹಚ್ತೀನಿ," ಎಂದಳು ಸೊಸೆ ಕೋಟಿನ ಗುಂಡಿ ಹಾಕುತ್ತ.

"ನಾನು ಹೊಡೆದ ಮೊಳೆ ನಾನು ಕೀಳೋನಲ್ಲ."

"ಹಾಗಾದ್ರೆ ನೀವೇ ಹಚ್ಕೊಳ್ಳಿ. ಊಟ ಎಲ್ಲರದು, ಅದನ್ನ ಮಾಡ್ತೀನಿ. ಚಹಾ ಕೇಳಿದಾಗ ಕೊಡ್ತೀನಿ. ಈ ಒಲೆ ಒಬ್ಬರದೇ ಅಂತಾಗಿದೆಯಲ್ಲ, ಆ ಒಬ್ಬರೇ ನೋಡ್ಕೊಳ್ಳಲಿ."

ಅಜ್ಜ ಮಗನ ಕಡೆ ತಿರುಗಿದ. "ನೀನಾದ್ರೂ ಹಚ್ಚೋ."

ಮಗ ಬಸ್ಸಿನ ಕೀಲಿಕೈಯನ್ನು ಅಂಗೈಯಲ್ಲಿ ಆಡಿಸುತ್ತ ನಿಂತಿದ್ದ. "ಸೌದೆ ಸೀಳಿ ಇಟ್ಟಿದೀನಪ್ಪ. ಹಚ್ಚೋದು ನನ್ನ ಕೆಲಸ ಅಲ್ಲ," ಎಂದು ಹೊರಟೇಬಿಟ್ಟ.

ಮಧ್ಯಾಹ್ನ ಅಜ್ಜ ತಾನೇ ಒಲೆ ತುಂಬಿ ಬೆಂಕಿ ಹಾಕಿದ. ಹೊಗೆ ಕೊಳವೆಯ ಮುಚ್ಚಳ ತೆರೆಯುವುದು ಮರೆತಿತ್ತು. ಹೊಗೆಯೆಲ್ಲ ಕೋಣೆಗೇ ತಿರುಗಿ, ಇಸ್ಪೀಟಿನ ಗೆಳೆಯರು ಕೆಮ್ಮುತ್ತ ಎಲೆ ಬಿಸುಟು ಎದ್ದುಹೋದರು. ಅಜ್ಜ ಕಿಟಕಿ ತೆಗೆದ. ಇದ್ದ ಬಿಸಿಯೂ ಹೋಯಿತು. ಆಮೇಲೆ ಅವನು ಕಂಬಳಿ ಹೊದ್ದು ತಣ್ಣನೆಯ ಒಲೆಯ ಮುಂದೆಯೇ ಕೂತ. ಎಲ್ಲರೂ ಅಡುಗೆಮನೆಯಲ್ಲಿ ಗ್ಯಾಸಿನ ಸುತ್ತ ಒತ್ತಿಕೊಂಡು ಗಂಜಿ ಕುಡಿಯುತ್ತಿದ್ದರೆ ಅವನು ತನ್ನ ಬಟ್ಟಲನ್ನು ಮುಂದಿನ ಕೋಣೆಗೇ ತರಿಸಿಕೊಂಡ. ಮೇಲೆ ಮಲಗುವವರೂ ಕೋಟು ಹಾಕಿಕೊಂಡೇ ಮಲಗಿದರು. ಗುಬ್ಬಿಗೆ ನೆಗಡಿ ಹಿಡಿಯಿತು. ಸೊಸೆ ಮಾತ್ರ ಒಲೆಯ ಕಡೆ ಸುಳಿಯಲಿಲ್ಲ.

"ನಮಗೂ ಚಳಿ ಆಗ್ತಿದೆಯಲ್ಲೇ," ಎಂದ ಮಗ.

"ಆಗಲಿ. ಅತ್ತೆಗೆ ಆಗ್ತಿರೋದು ಎಂಥದ್ದು ಅಂತ ಎಲ್ಲರಿಗೂ ಗೊತ್ತಾಗಲಿ."

ಹೀಗಿರುವಾಗ ಚಿಕ್ಕಜ್ಜ ಬಂದ. ಅಜ್ಜನ ತಮ್ಮ, ಬದುಕೆಲ್ಲ ಲಾರಿ ಓಡಿಸಿದವನು, ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು. ಒಂದು ಟ್ರಂಕು ಹೊತ್ತು ಒಳಗೆ ಬಂದವನು ಕೈ ಉಜ್ಜಿಕೊಂಡ.

"ಏನಣ್ಣ, ಒಳಗಡೆಗಿಂತ ಬೀದೀನೇ ಬೆಚ್ಚಗಿದೆಯಲ್ಲ. ನನ್ನ ರೂಮು ಯಾವುದು?"

ಅಜ್ಜ ನಡುವಿನ ಬಾಗಿಲ ಕಡೆ ಗದ್ದ ಎತ್ತಿ ತೋರಿಸಿದ. ಚಿಕ್ಕಜ್ಜ ಕಂಬಳಿ ಸರಿಸಿ ಬಾಗಿಲು ದೂಡಿದ. ಅಜ್ಜಿ ಶಾಲು ಹೊದ್ದು ಮಿಷನ್ನಿನ ಮುಂದೆ ಕೂತಿದ್ದಳು. ಸುತ್ತಲೂ ಮಕ್ಕಳ ಕೋಟುಗಳು ನೇತಾಡುತ್ತಿದ್ದವು.

"ಬನ್ನಿ," ಎಂದಳು. "ಪ್ರಯಾಣ ಸುಖವಾಯ್ತಾ?"

"ಆಯ್ತು ಅತ್ತಿಗೆ." ಅವನು ಹಾಸಿಗೆ ನೋಡಿದ, ಮೇಜು ನೋಡಿದ, ಅವಳ ಕೈಯ ಕಾಲುಚೀಲ ನೋಡಿದ. ಹಿಂದೆ ತಿರುಗಿ ಕೇಳಿದ, "ಅಣ್ಣ, ರೂಮು ಖಾಲಿ ಇದೆ, ಒಂದಿಷ್ಟು ಹಳೇ ಸಾಮಾನಿದೆ ಅಷ್ಟೇ ಅಂದಿದ್ದೆಯಲ್ಲ."

"ಆ ಸಾಮಾನು ನಾನೇ," ಎಂದಳು ಅಜ್ಜಿ.

ಚಿಕ್ಕಜ್ಜ ಟ್ರಂಕನ್ನು ಹೊಸಿಲ ಹೊರಗೇ ಇಳಿಸಿ ಅದರ ಮೇಲೆ ಕೂತ. "ಇದ್ದಿದ್ದು ಇದ್ದ ಹಾಗೆ ಹೇಳಿದ್ರೆ ನಾನು ಬೇರೆ ಕಡೆ ನೋಡ್ಕೋತಿದ್ದೆ," ಎಂದ.

"ಬೇರೆ ಕಡೆ ಯಾಕೆ?" ಎಂದಳು ಅಜ್ಜಿ. "ಇದು ನಿಮ್ಮಣ್ಣನ ಮನೆ. ನೀವು ಬಂದಿದ್ದು ನನಗೆ ಬೇಜಾರಿಲ್ಲ. ಮುಂದಿನ ರೂಮಲ್ಲಿ ನಾನು ಮಲಗ್ತಿದ್ದ ಜಾಗ ಇದೆ, ಅಲ್ಲಿ ಹಾಸ್ಕೊಳ್ಳಿ. ಈ ರೂಮು ಮಾತ್ರ ಇಲ್ಲ."

"ನಾನು ಮಾತು ಕೊಟ್ಟಿದೀನಿ," ಎಂದ ಅಜ್ಜ ಕುರ್ಚಿಯಿಂದ.

"ಕೊಟ್ಟ ಮಾತು ಉಳಿಸ್ಕೊಳ್ಳಿ. ನಿಮ್ಮ ಪಕ್ಕದಲ್ಲೇ ಜಾಗ ಕೊಡಿ."

ಅಜ್ಜಿ ಎದ್ದು ಅಜ್ಜನ ಹತಾರದ ಪೆಟ್ಟಿಗೆ ತೆರೆದು ಮೊಳೆ ಕೀಳುವ ಸುತ್ತಿಗೆ ತೆಗೆದುಕೊಂಡಳು. ಸ್ಟೂಲು ಎಳೆದಳು. ಗುಬ್ಬಿ ಮೂಗು ಒರೆಸಿಕೊಳ್ಳುತ್ತ ಓಡಿಬಂದು, "ನಾನು ತೆಗೀತೀನಿ ಇರು ಅಜ್ಜಿ," ಎಂದಳು.

"ನೀನು ಸ್ಟೂಲು ಹಿಡ್ಕೋ." ಮೇಲೆ ಹತ್ತಿ ಗಂಡನ ಕಡೆ ನೋಡಿದಳು. "ನೀವು ಹೊಡೆದ ಮೊಳೆ ನೀವು ಕೀಳಲ್ಲ ಅಂದ್ರಂತೆ. ಬೇಡ ಬಿಡಿ. ನಾನು ಕೀಳ್ತೀನಿ."

ಮೊದಲ ಮೊಳೆ ಕಿರ್ರೆಂದಿತು. ಅಜ್ಜ ಕುರ್ಚಿಯ ಅಂಚಿಗೆ ಸರಿದ.

"ಹಾಗೆ ಮೀಟಿದ್ರೆ ಚೌಕಟ್ಟು ಸೀಳುತ್ತೆ," ಎಂದ. ಎರಡನೆಯ ಮೊಳೆಗೆ ತಡೆಯಲಾಗಲಿಲ್ಲ. "ಸುತ್ತಿಗೆ ಕೆಳಗೆ ಒಂದು ಚೂರು ಮರ ಇಡು. ಮರದ ಮೇಲೆ ಒತ್ತು ಕೊಡು, ಚೌಕಟ್ಟಿನ ಮೇಲಲ್ಲ."

"ಗೊತ್ತು," ಎಂದಳು ಅಜ್ಜಿ. ಗುಬ್ಬಿ ಕೊಟ್ಟ ಮರದ ಚೂರನ್ನು ಅಡಿಗಿಟ್ಟಳು. "ಬಡಗಿ ಜೊತೆ ಇಷ್ಟು ವರ್ಷ ಬಾಳಿ ಒಂದು ಮೊಳೆ ಕೀಳೋದು ಕಲಿಯಲ್ವಾ?"

ಹಲಗೆ ಬಿದ್ದಿತು. ಚೌಕಟ್ಟು ಸೀಳಲಿಲ್ಲ. ಸೊಸೆ ಆಗಲೇ ಒಲೆಯ ಮುಂದೆ ಮಂಡಿಯೂರಿ ಬೂದಿ ಬಳಿಯುತ್ತಿದ್ದಳು. ಚಿಕ್ಕಜ್ಜ ಸೌದೆ ತರಲು ಹಿತ್ತಲಿಗೆ ಹೋದ.

ಆಮೇಲಿನ ವಾರಗಳಲ್ಲಿ ಅಜ್ಜ ಸ್ವಿಚ್ಚಿನ ತಂಟೆಗೆ ಹೋಗಲಿಲ್ಲ, ತಪ್ಪಾಯಿತು ಎಂದೂ ಹೇಳಲಿಲ್ಲ. ಅಜ್ಜಿಯ ಹಾಸಿಗೆ ಹಿಂದಿನ ಕೋಣೆಯಲ್ಲೇ ಉಳಿಯಿತು. ಒಪ್ಪಿಕೊಂಡಿದ್ದ ಕೋಟುಗಳೆಲ್ಲ ಶಾಲೆ ಹೇಳಿದ ದಿನಕ್ಕೆ ಮುಂಚೆಯೇ ಹೋದವು. ಪಕ್ಕದ ಮನೆಯವಳು ಬಂದು ಫ್ಯಾನು ನೋಡಿ, ನಮ್ಮಲ್ಲೂ ಹೀಗೇ ಒಂದು ಕೋಣೆ ಇದೆ ಎಂದು ಗುಬ್ಬಿಯನ್ನು ಕರೆದುಕೊಂಡು ಹೋದಳು.

ಚಿಕ್ಕಜ್ಜ ಒಳ್ಳೆಯವನು. ಹೇಳದೆಯೇ ನೀರು ತುಂಬುತ್ತಿದ್ದ, ಒಲೆ ಹಚ್ಚುವುದನ್ನು ಸೊಸೆಯಿಂದ ಕಲಿತು ಬೆಳಗಿನ ಪಾಳಿ ತಾನೇ ವಹಿಸಿಕೊಂಡ. ಆದರೆ ಅವನು ಲಾರಿ ಬಿಟ್ಟರೂ ಲಾರಿ ಅವನನ್ನು ಬಿಟ್ಟಿರಲಿಲ್ಲ. ಮಲಗಿದರೆ ಗಂಟಲಲ್ಲಿ ಏರು ಹತ್ತುವ ಇಂಜಿನ್ನಿನ ಸದ್ದು. ಅಜ್ಜನ ಕಣ್ಣುಗಳು ನಿದ್ದೆಯಿಲ್ಲದೆ ಕೆಂಪಾದವು. ಕಿವಿಗೆ ಹತ್ತಿ ಇಟ್ಟುಕೊಂಡು ನೋಡಿದ, ಹಾಸಿಗೆ ತಿರುಗಿಸಿ ನೋಡಿದ.

"ಮಾತು ಕೊಟ್ಟಿದ್ದು ಯಾರು ಮಾವ?" ಎಂದಳು ಸೊಸೆ ಚಹಾ ಇಡುತ್ತ.

ಒಂದು ಮಧ್ಯಾಹ್ನ ಚಿಕ್ಕಜ್ಜ ಊಟ ಮುಗಿಸಿ ಒರಗಿದ್ದ. ಅಜ್ಜ ತನ್ನ ಕುರ್ಚಿಯನ್ನು ಎತ್ತಿಕೊಂಡು ಬಾಗಿಲು ದೂಡಿ ಹಿಂದಿನ ಕೋಣೆಗೆ ಬಂದ. ಕಿಟಕಿಯ ಬೆಳಕು ಮೇಜಿನ ಮೇಲೆ ಬಿದ್ದಿತ್ತು. ಕೋಣೆ ಹಿತವಾಗಿ ಬೆಚ್ಚಗಿತ್ತು. ಅಜ್ಜಿ ಮಿಷನ್ನಿನಿಂದ ತಲೆ ಎತ್ತಿದಳು.

"ಏನು?"

"ಏನಿಲ್ಲ. ಇಲ್ಲಿ ಸ್ವಲ್ಪ ಹೊತ್ತು ಕೂರ್ತೀನಿ. ಅಲ್ಲಿ ಲಾರಿ ಏರು ಹತ್ತುತ್ತಿದೆ."

"ಕೂರಿ. ಆದ್ರೆ ಬಾಗಿಲು ತಟ್ಟಿ ಬನ್ನಿ."

"ಏನಂದೆ?"

"ಇದು ಕೆಲಸದ ಜಾಗ. ಯಾರೇ ಬಂದ್ರೂ ತಟ್ಟಿ ಬರ್ತಾರೆ."

"ನಾನು ಮಾಡಿದ ಬಾಗಿಲನ್ನ ನಾನೇ ತಟ್ಟಬೇಕಾ?"

"ಹೂಂ."

ಅಜ್ಜ ಕುರ್ಚಿ ಹಿಡಿದು ನಿಂತ. ಮೇಲಿನ ಫ್ಯಾನುಗಳನ್ನು ನೋಡಿದ, ಅವಳನ್ನು ನೋಡಿದ. ಅವಳು ಬಟ್ಟೆ ಸರಿಪಡಿಸಿಕೊಂಡು ಮಿಷನ್ನು ತುಳಿಯತೊಡಗಿದ್ದಳು. ಅವನು ಕುರ್ಚಿಯೊಂದಿಗೆ ಹಿಂದೆ ಸರಿದು ಬಾಗಿಲು ಎಳೆದುಕೊಂಡ. ಅಡುಗೆಮನೆಯಲ್ಲಿ ಸೊಸೆ ನಲ್ಲಿ ನಿಲ್ಲಿಸಿ ಕಿವಿಗೊಟ್ಟಳು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಮರದ ಮೇಲೆ ಬೆರಳಗೆಣ್ಣಿನ ಸದ್ದು, ಎರಡು ಸಲ.

ಅಜ್ಜಿ ಹಿಡಿದಿದ್ದ ತೋಳಿನ ಹೊಲಿಗೆಯನ್ನು ಕೊನೆಯ ತನಕ ಓಡಿಸಿ, ದಾರ ಕತ್ತರಿಸಿದಳು.

"ಯಾರು?" ಎಂದು ಕೇಳಿದಳು.